ಹತ್ತು ಸಾವಿರ ಕಟ್ಟಿದ್ರ ಮುಗೀತು ಅನ್ಕೊಂಡಿದ್ದೆ

ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ದಿನ ಸುಮ್ನ ಇದ್ದೆ. ಆದ್ರ ನಮ್ಮ ದೋಸ್ತರೊಳಗ ಯಾರನ್ನರೆ ಕುಡದು ಗಾಡಿ ಹೊಡದದ್ದಕ್ಕ ಪೊಲೀಸ್ರು ಹಿಡದ್ರ ಮೊದಲ ಫೋನ್ ಬರೋದು ನನಗ, ಈ ವಿಷಯದಾಗ ನಾನೊಬ್ಬ ದೊಡ್ಡ ಪಂಡಿತ ಆಗೇನಿ, ಪ್ರತಿ ಸಲ ಅದನ್ನ ಹೇಳೋದಕ್ಕಿಂತ ಒಮ್ಮೆ ಬರದ ಒಗದ್ರಾತು ಅಂತ ಕುಂತೇನಿ.

ನಾ ಮೆಡಿಕಲ್ ರೆಪ್. ಮನಿ ಹುಬ್ಬಳ್ಳಿ, ಏರಿಯಾ ಅಣ್ಣಿಗೇರಿ, ನವಲಗುಂದ, ಕುಂದಗೋಳ, ಗದಗ. ಬೈಕ್ ಇದ್ರ ನೌಕರಿ, ಬೈಕ್ ಇಲ್ಲಂದ್ರ ನೌಕರಿ ಡೌಟು. ಹೋದ ವರ್ಷ ಗೋಕುಲ ರೋಡ್ ಕಡೆ ದೋಸ್ತನ ಟ್ರಾನ್ಸ್‌ಫರ್ ಪಾರ್ಟಿ ಇತ್ತು, ಎರಡು ತಾಸಿನ್ಯಾಗ ದೊಡ್ಡ ಪೆಗ್ ಮೂರು ಆದ್ವು. ಊಟ ಆತು, ಪಾನ್ ಹಾಕ್ಕೊಂಡೆ, ಮನಿ ನಾಕ್ ಕಿಲೋಮೀಟರ್ ಅಷ್ಟ, ತಲಿ ನೆಟ್ಟಗ ಐತಿ ಅಂತ ಗಾಡಿ ಚಾಲೂ ಮಾಡಿದೆ.

ತಿರುವು ದಾಟಿದ ಕೂಡ್ಲೆ ಬ್ಯಾರಿಕೇಡ್, ವಾಪಸ್ ಹೊಳ್ಳಸಾಕ ಜಾಗಾನ ಇಲ್ಲ. ಹವಾಲ್ದಾರ್ರು ಬಂದು "ನಮಸ್ಕಾರ್ರಿ, ಎಲ್ಲಿಂದ ಬಂದ್ರಿ?" ಅಂದ್ರು, ನಾನೂ ಖುಷಿಲೆ ನಮಸ್ಕಾರ ಮಾಡಿದೆ, ಅವ್ರು ಕೇಳಿದ್ದು ಉತ್ತರಕ್ಕಲ್ಲ ವಾಸನಿಗೆ ಅಂತ ತಿಳೀಲಿಲ್ಲ. ಹೊಸಾ ಸ್ಟ್ರಾ ಪ್ಯಾಕೆಟ್ ನನ್ನ ಮುಂದ ಹರದು ಮಷೀನಿಗೆ ಚುಚ್ಚಿದ್ರು. ನಾ ಶಾಣ್ಯಾತನ ಮಾಡಿ ಬರೇ ಗಲ್ಲ ಉಬ್ಬಿಸಿ ಸಣ್ಣಗ ಊದಿದೆ, ಮಷೀನ್ ತಗೋಳಿಲ್ಲ. "ಸರ, ಹೊಟ್ಯಾಗಿಂದ ಊದ್ರಿ... ಇನ್ನಾ... ಇನ್ನಾ... ಬಿಡಬ್ಯಾಡ್ರಿ..." ಬೀಪ್. 86.

ಲಿಮಿಟ್ ಅಂದ್ರ 100 ಎಂಎಲ್ ರಕ್ತದಾಗ 30 ಮಿಲಿಗ್ರಾಂ. ಪಾನ್, ಯಾಲಕ್ಕಿ, ಪೆಪ್ಪರ್‌ಮಿಂಟ್ ಯಾವುದೂ ಕೆಲಸಕ್ಕ ಬರಂಗಿಲ್ಲ, ಯಾಕಂದ್ರ ಮಷೀನ್ ಬಾಯಿ ವಾಸನಿ ಅಳಿಯೂದಿಲ್ಲ, ರಕ್ತದಿಂದ ಪುಪ್ಪಸದ ಗಾಳಿಗೆ ಬಂದ ಅಲ್ಕೋಹಾಲ್ ಅಳೀತತಿ. ತಾಸಿಗೆ ಅಂದಾಜು 15 ಮಿಲಿಗ್ರಾಂ ಇಳೀತತಿ, ಅಷ್ಟ. ಔಷಧಿ ಮಾರೋ ನನಗ ಈ ಲೆಕ್ಕ ಮೊದಲ ಗೊತ್ತಿತ್ತು, ಅದ ನಾಚಿಗಿ. ನಾ ಊದಿದ್ದು ಹತ್ತೂವರಿಗೆ, 30ರ ಒಳಗ ಬರಬೇಕಂದ್ರ ರಾತ್ರಿ ಎರಡರ ಮ್ಯಾಲೆ ಆಗ್ತಿತ್ತು.

"ದಂಡ ಎಷ್ಟರೀ ಸರ, ಇಲ್ಲೇ ಕಟ್ಟಿ ಹೋಗ್ತೇನಿ" ಅಂದೆ. ಹೆಲ್ಮೆಟ್, ಸಿಗ್ನಲ್ ಜಂಪ್ ಇವನ್ನೆಲ್ಲ ಜಾಗಾದಾಗ ಕಟ್ಟಬಹುದು, ಆದ್ರ ಕುಡದು ಗಾಡಿ ಹೊಡದದ್ದು ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್, ಅದು ರಾಜಿ ಆಗೋ ಪೈಕಿ ಅಲ್ಲ, ಕೋರ್ಟಿಗೆ ಹೋಗಾಕಬೇಕು. ಆಮೇಲೆ ಒಬ್ಬ ದೋಸ್ತ ಹೇಳಿದಾ, ಅರ್ಧಾ ದಂಡದ ಆಫರ್ ಬಿಡ್ತಾರಲ್ಲ ಅಲ್ಲಿ ತನಕ ತಡಿ ಅಂತ. 2023ರ ಫೆಬ್ರವರಿಯೊಳಗ ಬಿಟ್ಟಿದ್ದು ಬಾಕಿ ಇದ್ದ ಇ-ಚಲನ್‌ಗೋಳಿಗೆ ಮಾರಾಯ, ಇದಕ್ಕಲ್ಲ.

ಇನ್ನೊಂದು ಮಾತು ಹೇಳ್ತಾರ, ಊದಲಿಕ್ಕೆ ಒಲ್ಲೆ ಅನ್ನು, ಪ್ರೂಫ್ ಇರಂಗಿಲ್ಲ ಅಂತ. ಇದು ಶುದ್ಧ ಸುಳ್ಳು. ಒಲ್ಲೆ ಅಂದ್ರ ವಾರಂಟ್ ಇಲ್ಲದ ಅರೆಸ್ಟ್ ಮಾಡಬಹುದು, ದವಾಖಾನಿಗೆ ಒಯ್ದು ರಕ್ತ ತಗೀಬಹುದು, ಅದಕ್ಕೂ ಒಲ್ಲೆ ಅಂದ್ರ ಕೋರ್ಟಿನ್ಯಾಗ ಅದನ್ನ ನಿಮ್ಮ ವಿರುದ್ಧನ ಹಿಡೀತಾರ. ನಾ ಊದೀನೂ ಮಷೀನ್ ಸರಿ ಇಲ್ಲ ಅಂತ ವಾದಾ ಮಾಡಿದೆ, ಅದರ ಫಲ ಏನಂದ್ರ ಜೀಪ್ ಹತ್ತಿಸಿ ಸರ್ಕಾರಿ ದವಾಖಾನಿಗೆ ಕರಕೊಂಡ ಹೋದ್ರು. ಡಾಕ್ಟ್ರು ಕಣ್ಣಿಗೆ ಟಾರ್ಚ್ ಬಿಟ್ಟು, ಗೆರಿ ಮ್ಯಾಲೆ ನಡಿಸಿ, ರಕ್ತ ತಗದು ಸೀಲ್ ಹಾಕಿಸಿದ್ರು. ಆ ಡ್ಯೂಟಿ ಡಾಕ್ಟ್ರಿಗೆ ಹಿಂದಿನ ತಿಂಗಳ ನಾನ ಗ್ಯಾಸ್ಟ್ರಿಕ್ ಗುಳಿಗಿ ಸ್ಯಾಂಪಲ್ ಕೊಟ್ಟಿದ್ದೆ. ಅವ್ರು ಗುರ್ತ ಹಿಡೀಲಿಲ್ಲ, ಅಥವಾ ಹಿಡದೂ ಸುಮ್ನಾದ್ರು.

ಈ ದವಾಖಾನಿ ವಿಷಯದಾಗ ಒಂದು ಗೊತ್ತಿರಲಿ. 185ರಾಗ ಅರೆಸ್ಟ್ ಮಾಡಿದ್ರ ಎರಡು ತಾಸಿನ ಒಳಗ ವೈದ್ಯಕೀಯ ತಪಾಸಣಿ ಆಗಬೇಕು, ಇಲ್ಲಂದ್ರ ಕಸ್ಟಡಿಯಿಂದ ಬಿಡಬೇಕು ಅಂತ 202ನೇ ಸೆಕ್ಷನ್ ಹೇಳ್ತತಿ. ಅದಕ್ಕ ಅವ್ರು ಪ್ರತಿ ಕಾಗದದ ಮ್ಯಾಲೆ ಟೈಮ್ ಬರೀತಾರ, ನೀವೂ ಸಹಿ ಮಾಡೋಮುಂದ ಆ ಟೈಮ್ ಓದ್ರಿ.

ಸ್ಟೇಷನ್‌ನ್ಯಾಗ ಲಾಕಪ್ಪಿಗೆ ಹಾಕ್ತಾರೇನೋ ಅಂತ ಕೈಕಾಲು ತಣ್ಣಗಾಗಿದ್ವು. ಹಂಗೇನ ಆಗಲಿಲ್ಲ, ಇದು ಜಾಮೀನು ಸಿಗೋ ಕೇಸು, ಸ್ಟೇಷನ್‌ನ್ಯಾಗ ಬಾಂಡ್ ಬರದು ಬಿಡ್ತಾರ, ಮನಿಯವರಿಗೆ ತಿಳಿಸೋದು ಅವ್ರ ಕೆಲಸ. ಅಪ್ಪಗ ಫೋನ್ ಹಚ್ಚೋ ಧೈರ್ಯ ನನಗಿರಲಿಲ್ಲ, ಕಾಕಾನ ನಂಬರ್ ಕೊಟ್ಟೆ. ಕಾಕಾ ಅರ್ಧ ತಾಸಿನ್ಯಾಗ ಬಂದಾ, ಕೊರಳಾಗ ಮಫ್ಲರ್, ಕೈಯಾಗ ಆಧಾರ್ ಝೆರಾಕ್ಸ್. ನನ್ನ ಮಾರಿ ನೋಡ್ಲಿಲ್ಲ. ಝೆರಾಕ್ಸ್ ಮ್ಯಾಲೆ ಅಡ್ಡಾಗಿ "ಜಾಮೀನಿಗೆ ಮಾತ್ರ" ಅಂತ ಬರದು, ತಾರೀಖ ಹಾಕಿ, ಸಹಿ ಮಾಡಿ, "ಸಾಹೇಬ್ರ, ಇದನ್ನ ಮತ್ತ ಎದಕ್ಕೂ ಬಳಸಂಗಿಲ್ಲ ಹೌದಲ್ರಿ?" ಅಂತ ಕೇಳಿದಾ. ಗಾಡಿ ಅಲ್ಲೇ ಉಳೀತು, ಲೈಸೆನ್ಸ್ ಇಸಗೊಂಡು ರಸೀತಿ ಕೊಟ್ರು. ಆಟೋದಾಗ ಮನಿ ತನಕ ಕಾಕಾ ಒಂದ ಮಾತೂ ಆಡಲಿಲ್ಲ, ಬೈದಿದ್ರ ಅರಾಮ ಇರ್ತಿತ್ತು.

ಮರುದಿನ ಧಾರವಾಡದಾಗಿರೋ ಶಾಲಿ ದೋಸ್ತ, ವಕೀಲ ಅದಾನ, ಅವಗ ಎಲ್ಲಾ ಕಾಗದ ಕಳಿಸಿದೆ. ಅವಾ ನೋಡಿದ್ದು ಮಷೀನ್ ಪ್ರಿಂಟ್ ಐತೋ ಇಲ್ಲೋ, ಅದರ ಮ್ಯಾಲೆ ನನ್ನ ಸಹಿ ಐತೋ ಇಲ್ಲೋ, ದವಾಖಾನಿ ಟೈಮ್ ಎಷ್ಟು. ಎಲ್ಲಾ ಸರಿ ಇತ್ತು. "ಕೇಸ್ ನಡಸಂದ್ರ ನಡಸ್ತೇನಲೇ, ತಾರೀಖ ಮ್ಯಾಲೆ ತಾರೀಖ ಬೀಳ್ತಾವ, ಪ್ರತಿ ತಾರೀಖಿಗೆ ನಿನ್ನ ಒಂದಿನದ ಡ್ಯೂಟಿ ಹೋಗ್ತತಿ, ಆಮ್ಯಾಲೂ 86 ಅಂದ್ರ 86. ನೀ ಕುಡದಿದ್ದಿ ಹೌದಿಲ್ಲೋ?" ಹೌದು. "ಹಂಗಾರ ಹೋಗಿ ಒಪ್ಕೋ, ಅದಕ್ಕ ನಾ ಬ್ಯಾಡ." ಯಾರಿಗರೆ ಆ್ಯಕ್ಸಿಡೆಂಟ್ ಆಗಿ ಪೆಟ್ಟ ಬಿದ್ದಿದ್ರ ಮಾತ ಬ್ಯಾರೆ, ಆಗ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್‌ಗೋಳು ಕೂಡ್ತಾವ, ವಕೀಲರಿಲ್ಲದ ಹೋಗಬ್ಯಾಡ್ರಿ ಅಂತ ಅವನ ಹೇಳಿದ್ದು.

ಕೊಟ್ಟ ತಾರೀಖಿಗೆ ವಿದ್ಯಾನಗರ ಕಡೆ ಇರೋ ಹೊಸಾ ಕೋರ್ಟ್ ಕಾಂಪ್ಲೆಕ್ಸಿಗೆ ಹೋದೆ. ಗೇಟಿನ ಹೊರಗ ಒಬ್ಬಾಂವ "ಡಿಡಿ ಕೇಸ್ ಏನ್ರಿ, ಐದು ಸಾವಿರದಾಗ ಮುಗಸ್ತೇನಿ" ಅಂದಾ, ಡಿಡಿ ಅಂದ್ರ ಡ್ರಂಕ್ ಆ್ಯಂಡ್ ಡ್ರೈವ್. 2019ರ ತಿದ್ದುಪಡಿ ಆದಮ್ಯಾಲೆ ಮೊದಲನೇ ಸಲಕ್ಕ ದಂಡ 10,000 ಇಲ್ಲಾ ಆರು ತಿಂಗಳ ತನಕ ಜೈಲು ಇಲ್ಲಾ ಎರಡೂ, ಇವಾ ಹೆಂಗ ಐದ್ರಾಗ ಮುಗಸ್ತಾನ? ಒಳಗ ನಡದೆ. ಹನ್ನೊಂದಕ್ಕ ಹೋದಾಂವ ಮಧ್ಯಾಹ್ನ ಊಟದ ಹೊತ್ತಿನ ತನಕ ಬೆಂಚಿನ ಮ್ಯಾಲೆ ಕುಂತೆ, ನನ್ನಂಥವರ ಏಳೆಂಟು ಮಂದಿ, ಎಲ್ಲಾರೂ ಮಾಸ್ಕ್ ಹಾಕ್ಕೊಂಡಿದ್ರು, ಕೊರೊನಾ ಮುಗದು ಎಷ್ಟು ದಿನಾತು! ಅಟೆಂಡರ್ ಹೆಸರು ಕೂಗಿದಾ. ಸಾಹೇಬ್ರು ಆರೋಪ ಓದಿ ಹೇಳಿ "ಒಪ್ಪಿಕೊಳ್ತೀರಾ? ಯಾರ ಒತ್ತಾಯನೂ ಇಲ್ಲ ಅಲ್ಲಾ?" ಅಂದ್ರು. "ಇಲ್ಲ ಸ್ವಾಮಿ, ಒಪ್ಕೋತೇನಿ." ಎರಡು ನಿಮಿಷ ಸಹಿತ ಆಗಲಿಲ್ಲ. ದಂಡ 10,000, ಕಟ್ಟದಿದ್ರ ಜೈಲು. ಮತ್ತೊಮ್ಮೆ ಸಿಕ್ರ 15,000 ಇಲ್ಲಾ ಎರಡು ವರ್ಷದ ತನಕ ಜೈಲು ಇಲ್ಲಾ ಎರಡೂ, ಅದನ್ನ ಸಾಹೇಬ್ರು ಕಣ್ಣಿಟ್ಟು ಹೇಳಿದ್ರು. ರೊಕ್ಕ ಕಟ್ಟಿ ರಸೀತಿ ತಗೊಂಡೆ, ಗಾಡಿ ಬಿಡುಗಡೆ ಆರ್ಡರ್ ಹಿಡಕೊಂಡು ಸ್ಟೇಷನ್ನಿಗೆ ಹೋದ್ರ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಕೇಳಿದ್ರು, ಎಮಿಷನ್ ಮುಗದಿತ್ತು, ಅದಕ್ಕ ಬ್ಯಾರೆ ದಂಡ. ಗಾಡಿ ಮ್ಯಾಲೆ ಬೇವಿನ ಎಲಿ ಬಿದ್ದು ಸೀಟು ಕಾಣತಿರಲಿಲ್ಲ.

ಮುಗೀತು ಅಂತ ಅವತ್ತ ದುರ್ಗದಬೈಲ್‌ಗೆ ಹೋಗಿ ಗಿರಮಿಟ್ ತಿಂದೆ. ಮುಗದಿರಲಿಲ್ಲ. ಸ್ವಲ್ಪ ದಿನಕ್ಕ ಆರ್‌ಟಿಓದಿಂದ ನೋಟೀಸು, ನಿಮ್ಮ ಲೈಸೆನ್ಸ್ ಯಾಕ ಸಸ್ಪೆಂಡ್ ಮಾಡಬಾರದು, ಕಾರಣ ಹೇಳ್ರಿ ಅಂತ. ಕೋರ್ಟಿನ ದಂಡ ಬ್ಯಾರೆ, ಇದು ಬ್ಯಾರೆ, ಪೊಲೀಸ್ರು ಇಸಗೊಂಡ ಲೈಸೆನ್ಸ್ ಸೀದಾ ಅಲ್ಲಿಗೆ ಹೋಗಿರ್ತತಿ. ಕುಡದು ಓಡಿಸಿದ್ರ ಕಡಿಮಿ ಅಂದ್ರ ಮೂರು ತಿಂಗಳ ಸಸ್ಪೆಂಡ್ ಮಾಡ್ರಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಾಗ ರಾಜ್ಯಗೋಳಿಗೆ ಹೇಳೇತಿ. ನಾ ಮೆಡಿಕಲ್ ರೆಪ್ ಸರ, ಗಾಡಿನ ನನ್ನ ಹೊಟ್ಟಿ ಅಂತ ಬರದು ಕೊಟ್ಟೆ, ಖುದ್ದ ಹೋಗಿ ಕೈಮುಗದೆ, ಸಮಾಧಾನದಿಂದ ಕೇಳ್ಕೊಂಡ್ರು, ಮೂರು ತಿಂಗಳ ಹಾಕಿದ್ರು. ಆರ್ಡರ್ ಕೈಗೆ ಬಂದ 30 ದಿನದಾಗ ಅಪೀಲ್ ಹೋಗಬಹುದು, ನಾ ಹೋಗಲಿಲ್ಲ. ಆ ಟೈಮ್‌ನ್ಯಾಗ ಗಾಡಿ ಹೊಡದ್ರ 182ನೇ ಸೆಕ್ಷನ್, ಮತ್ತ 10,000 ಇಲ್ಲಾ ಮೂರು ತಿಂಗಳ ತನಕ ಜೈಲು.

ಮೂರು ತಿಂಗಳ ಸ್ಯಾಂಪಲ್ ಬ್ಯಾಗ್ ಹೊತ್ಕೊಂಡು ಬಸ್ಸಿನ್ಯಾಗ ಅಡ್ಡಾಡಿದೆ. ಅಣ್ಣಿಗೇರಿಯೊಳಗ ಇಬ್ಬರು ಡಾಕ್ಟ್ರನ್ನ ನೋಡೋದ್ರಾಗ ಸಂಜಿ ಬಸ್ಸು ಹೋಗಿರ್ತಿತ್ತು. ಮ್ಯಾನೇಜರ್‌ಗೆ ಬೆನ್ನು ನೋವು ಅಂದೆ, ಡಾಕ್ಟ್ರಿಗೆ ಒಮ್ಮೆ ಗಾಡಿ ಸರ್ವೀಸಿಂಗ್, ಒಮ್ಮೆ ಅದ ಬೆನ್ನು ನೋವು ಅಂದೆ, ಒಬ್ಬ ಡಾಕ್ಟ್ರು ಬೆನ್ನಿಗೆ ಬೆಲ್ಟ್ ಬರದು ಕೊಟ್ರು, ಅದೂ ಮನ್ಯಾಗ ಐತಿ.

ಲೈಸೆನ್ಸ್ ವಾಪಸ್ ಬಂತು, ಆದ್ರ ಕಾಕಾನ ಚಿಂತಿ ಹೋಗಲಿಲ್ಲ. ಮನಿಗೆ ಬಂದಾಗೊಮ್ಮೆ "ಆ ಜಾಮೀನು ಹರೀತೇನೋ?" ಅಂತ ಕೇಳಂವಾ. ಕೇಸ್ ಮುಗದ ಮ್ಯಾಲೆ ಜಾಮೀನೂ ಮುಗೀತೋ ಕಾಕಾ ಅಂದ್ರ "ಬಾಯಿಲೆ ಹೇಳಬ್ಯಾಡ, ಕಾಗದ ತೋರಸು" ಅಂತಾನ. ಕಡೀಗೆ ಕೋರ್ಟಿಗೆ ಹೋಗಿ ಕಾಪಿ ಅರ್ಜಿ ಹಾಕಿ ಆರ್ಡರಿನ ಸರ್ಟಿಫೈಡ್ ಕಾಪಿ ತಂದು ಕೊಟ್ಟೆ. ಚಾಳೀಸ ಹಾಕ್ಕೊಂಡು ಮೊದಲಿಂದ ಕಡೀ ತನಕ ಓದಿ, ನಾಕ್ ಮಡಚಿ, ತನ್ನ ಎಲ್‌ಐಸಿ ಬಾಂಡ್ ಇಡೋ ಫೈಲಿನ್ಯಾಗ ಇಟ್ಕೊಂಡಾನ.