ಪಾಪ, ಗುಲಾಮಗಿರಿ: ಹಳೆಯ ಅಮೆರಿಕನ್ ಬರಹ ಓದುವ ಕ್ರಮ

ಮೊದಲು ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ 1700ರಲ್ಲಿ ಅಚ್ಚುಹಾಕಿಸಿದ ‘ದಿ ಸೆಲ್ಲಿಂಗ್ ಆಫ್ ಜೋಸೆಫ್’ ಓದಿ, ಕೆಲವೇ ಪುಟ. ಮನುಷ್ಯರನ್ನು ಮಾರುವುದೇ ಪಾಪವೆಂಬ ವಾದದ ಪಕ್ಕದಲ್ಲೇ ಆಫ್ರಿಕನ್ನರನ್ನು ಪರಕೀಯರೆಂದು ದೂರವಿಡುವ ಸಾಲುಗಳಿವೆ. ಎರಡಕ್ಕೂ ಗುರುತು ಹಾಕಿ.

ಮುಂದೆ, ತನ್ನನ್ನು ಆಫ್ರಿಕಾದಿಂದ ಗುಲಾಮಳಾಗಿ ತಂದದ್ದರ ಬಗ್ಗೆ ಕವಯಿತ್ರಿ ಫಿಲ್ಲಿಸ್ ವೀಟ್ಲಿ ಬರೆದ ಎಂಟು ಸಾಲಿನ ಪದ್ಯ, 1773ರ ಸಂಕಲನದ್ದು. ಓದುಗರು ಎಡವುವುದು ಇಲ್ಲೇ: ಮೊದಲ ನಾಲ್ಕು ಸಾಲಿಗೇ ನಿಂತು ಬರೀ ಕೃತಜ್ಞತೆ ಎಂದುಬಿಡುತ್ತಾರೆ. ಕೊನೆಯ ಎರಡನ್ನು ಗಟ್ಟಿಯಾಗಿ ಓದಿ ನೋಡಿ. ಉಪದೇಶ ಕ್ರೈಸ್ತರ ಕಡೆಗೇ ತಿರುಗಿರುತ್ತದೆ.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆಯಲ್ಲಿ ಅನುಬಂಧ ಬಿಡಬೇಡಿ. ಒಡೆಯರ ಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದು ಬಿಡಿಸಿಡುವುದು ಅಲ್ಲೇ.

ಇಂದಿಗೆ ಜೋಡಿಸಲು ಗುಲಾಮಗಿರಿಯನ್ನು ನಿಷೇಧಿಸಿದ, ಅಮೆರಿಕದ ಸಂವಿಧಾನದ 1865ರ 13ನೇ ತಿದ್ದುಪಡಿ ಪಕ್ಕಕ್ಕಿಡಿ: ಅಪರಾಧಕ್ಕೆ ಶಿಕ್ಷೆಯಾದರೆ ಬಲವಂತದ ದುಡಿಮೆಗೆ ಅದರಲ್ಲಿ ವಿನಾಯಿತಿಯಿದೆ.