ತಡೆಯಲಾಗದ ಮೂತ್ರಕ್ಕೆ ಕಾಲಿನ ನರದ ಚಿಕಿತ್ಸೆ: ಟೆನ್ಸ್ ಯಂತ್ರ ಬಳಸುವ ಬಗೆ

ಒಂದಕ್ಕೆ ಬಂತೆಂದರೆ ತಡೆಯಲಾಗದೆ ಓಡುವುದು, ಬಚ್ಚಲು ಮುಟ್ಟುವಷ್ಟರಲ್ಲಿ ಬಟ್ಟೆ ಒದ್ದೆಯಾಗುವುದು, ರಾತ್ರಿ ಮತ್ತೆ ಮತ್ತೆ ಏಳುವುದು. ಈ ತೊಂದರೆಗೆ ಟೆನ್ಸ್ ಯಂತ್ರದಿಂದ, ಅಂದರೆ ಚರ್ಮಕ್ಕೆ ಪ್ಯಾಡ್ ಅಂಟಿಸಿ ಕರೆಂಟು ಹರಿಸುವ ಪುಟ್ಟ ಯಂತ್ರದಿಂದ, ಕಾಲಿನ ಟಿಬಿಯಲ್ ನರಕ್ಕೆ ಸಣ್ಣ ಕರೆಂಟು ಕೊಡುವ ಚಿಕಿತ್ಸೆ ಇದೆ. ಈ ನರದ ಬೇರುಗಳೂ ಮೂತ್ರಕೋಶವನ್ನು ಆಳುವ ನರಗಳ ಬೇರುಗಳೂ ಬೆನ್ನುಹುರಿಯ ಕೆಳತುದಿಯಲ್ಲಿ ಒಂದೇ ಕಡೆ ಸೇರುವುದರಿಂದ ಅದು ಕೆಲಸ ಮಾಡುತ್ತದೆ. ಕೆಮ್ಮಿದಾಗ, ಕೊಡ ಎತ್ತಿದಾಗ ಮಾತ್ರ ಸೋರುವವರಿಗೆ ಇದಲ್ಲ, ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಬೇಕು.

ಮೊದಲು ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಸಕ್ಕರೆ, ಗಂಡಸರಲ್ಲಿ ಪ್ರಾಸ್ಟೇಟ್ ಪರೀಕ್ಷೆ ಆಗಲೇಬೇಕು. ಪೇಸ್‌ಮೇಕರ್ ಇರುವವರು, ಬಸುರಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರು ಯಂತ್ರ ಮುಟ್ಟಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಕರೆಂಟು ಎಷ್ಟೆಂದು ತಿಳಿಯದೆ ಚರ್ಮ ಸುಡಬಹುದು. ಅವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮೂತ್ರದಲ್ಲಿ ರಕ್ತ ಕಂಡರೆ ಕಾಯಬೇಡಿ. ತಟ್ಟನೆ ಮೂತ್ರ ಕಟ್ಟಿಕೊಂಡು ಕಾಲು ಬಲಹೀನವಾದರೆ ಅದು ತುರ್ತು.

ಶುರುವಿಗೆ ಮುನ್ನ ಮೂರು ದಿನ ಲೆಕ್ಕ ಬರೆಯಿರಿ: ಎಷ್ಟು ಹೊತ್ತಿಗೆ, ಎಷ್ಟು ಮಿ.ಲೀ., ಸೋರಿತೋ ಇಲ್ಲವೋ, ಎಷ್ಟು ನೀರು, ಎಷ್ಟು ಚಹಾ. ಗುಣ ಕಂಡಿತೋ ಇಲ್ಲವೋ ಎಂದು ಆಮೇಲೆ ಹೇಳುವುದು ಈ ಹಾಳೆಯೇ.

ಎಣ್ಣೆ ಹಚ್ಚಿದ ಕಾಲಿಗೆ ಪ್ಯಾಡ್ ನಿಲ್ಲುವುದಿಲ್ಲ. ಕಾಲ್ಗೆಜ್ಜೆ ಬಿಚ್ಚಿ, ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸಿ. ಹರಡಿನ ಒಳಬದಿಗೆ ಉಬ್ಬಿದ ಎಲುಬಿನ ಹಿಂದೆ ಒಂದು ಪ್ಯಾಡ್ (ಕಪ್ಪು ತಂತಿ), ಅದರ ನೇರಕ್ಕೆ ಅರ್ಧ ಗೇಣು, ಅಂದರೆ 10 ಸೆಂ.ಮೀ. ಮೇಲೆ ಇನ್ನೊಂದು. ಯಂತ್ರವನ್ನು ನಿರಂತರ ಮೋಡ್‌ಗೆ ಇಟ್ಟು ವೇಗ 10 ಹರ್ಟ್ಜ್, ಪಲ್ಸ್ ಅಗಲ 200 ಮೈಕ್ರೋಸೆಕೆಂಡ್, ಸಮಯ 30 ನಿಮಿಷ ಮಾಡಿ. ಕರೆಂಟು ನಿಧಾನ ಏರಿಸುತ್ತ ಹೋದರೆ ಹೆಬ್ಬೆರಳು ಮಡಚುತ್ತದೆ, ಇಲ್ಲವೇ ಅಂಗಾಲಿನಲ್ಲಿ ಜುಮ್ಮೆನ್ನುತ್ತದೆ. ನರ ಸಿಕ್ಕಿತು. ಅಲ್ಲಿಂದ ತುಸು ಇಳಿಸಿ, ನೋವಿಲ್ಲದ ಮಟ್ಟದಲ್ಲಿ ಬಿಡಿ.

ಪ್ಯಾಡಿನ ಕೆಳಗಷ್ಟೇ ಚುಚ್ಚಿದಂತಾಗಿ ಅಂಗಾಲಿಗೆ ಏನೂ ಬರದಿದ್ದರೆ ಪ್ಯಾಡ್ ಎಲುಬಿನ ಮೇಲೆ ಕೂತಿದೆ ಎಂದರ್ಥ. ಕರೆಂಟು ಹೆಚ್ಚಿಸಲು ಹೋಗಬೇಡಿ. ಯಂತ್ರ ನಿಲ್ಲಿಸಿ, ಒಂದು ಬೆರಳಗಲ ಹಿಂದಕ್ಕೆ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜಿನತ್ತ ಸರಿಸಿ. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಮೊದಲ ಸಲ ಫಿಜಿಯೋಥೆರಪಿಸ್ಟ್ ಎದುರಲ್ಲೇ ಜಾಗ ಗುರುತಿಸಿಕೊಳ್ಳಿ. ಜೆಲ್ ಒಣಗಿದರೆ ಒಂದು ಹನಿ ನೀರು ಸವರಿ. ಚರ್ಮ ಕೆಂಪಾದರೆ ಮರುದಿನ ಇನ್ನೊಂದು ಕಾಲು.

ದಿನಕ್ಕೊಮ್ಮೆಯಂತೆ 12 ವಾರ. ಎರಡು ವಾರಕ್ಕೇ ಬೇಸತ್ತು ಬಿಟ್ಟರೆ ಏನೂ ತಿಳಿಯದು. ಬದಲಾವಣೆ ಸಾಮಾನ್ಯವಾಗಿ ಐದಾರು ವಾರದ ಮೇಲೆ ಕಾಣುತ್ತದೆ.

ಜತೆಗೆ ಇದೊಂದು. ವಿಜಯಪುರದ ಬಿರುಬಿಸಿಲಿನಲ್ಲಿ ಬೆಳಗಾವಿಗೆ ಬಸ್ ಹತ್ತುವ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದ ಹನಿ ನೀರು ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ. ನೀರು ಬಿಡಬೇಡಿ, ಚಹಾ ಕಡಿಮೆ ಮಾಡಿ.

12 ವಾರದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಯುರಾಲಜಿ ವಿಭಾಗಕ್ಕೆ ಹೋಗಿ. ಹರಡಿನಿಂದ 5 ಸೆಂ.ಮೀ. ಮೇಲೆ ತೆಳು ಸೂಜಿ ಚುಚ್ಚಿ ವಾರಕ್ಕೊಮ್ಮೆ 30 ನಿಮಿಷ, 12 ಸಲ ಕರೆಂಟು ಕೊಡುವ ವಿಧಾನವಿದೆ. ಅದಕ್ಕೂ ಬಗ್ಗದಿದ್ದರೆ ಬೆನ್ನಿನ ಕೆಳಗೆ ಎಸ್3 (ತ್ರಿಕಾಸ್ಥಿಯ ಮೂರನೇ) ನರದ ಪಕ್ಕ ತಂತಿ ಕೂರಿಸುವ ಶಸ್ತ್ರಚಿಕಿತ್ಸೆ. ಅದನ್ನು ಮೊದಲು ಒಂದೆರಡು ವಾರ ಪರೀಕ್ಷಿಸಿ, ತೊಂದರೆ ಅರ್ಧಕ್ಕರ್ಧ ಇಳಿದರೆ ಮಾತ್ರ ಆ ತಂತಿಗೆ ಕರೆಂಟು ಕೊಡುವ ಬ್ಯಾಟರಿಯನ್ನು ಚರ್ಮದ ಒಳಗಿಡುತ್ತಾರೆ.