ಜರ್ಮನಿ ರೋಡಲ್ಲಿ ಮೊದಲು ಬೋರ್ಡ್ ಓದಿ, ಆಮೇಲೆ ಮ್ಯಾಪ್ ನೋಡಿ

ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಅಂತ ಬೆಂಗಳೂರಿಂದ ಬರೋರು ಸುಮಾರು ಜನ ಮೊದಲ ಎರಡು ಮೂರು ತಿಂಗಳು ಟ್ರೈನಲ್ಲೇ ಓಡಾಡ್ತಾರೆ, ಆಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಕಾರ್ ತಗೋತಾರೆ, ಆಗ ನನ್ನ ಹತ್ರ ಬಂದು ಕೇಳೋದು ಒಂದೇ, ಬಲಗಡೆ ಓಡಿಸೋದು ಕಷ್ಟನಾ ಅಂತ. ಅದು ಒಂದು ವಾರದಲ್ಲಿ ಕೈಗೆ ಕೂತ್ಕೊಳ್ಳತ್ತೆ, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ಕಲಿಯೋಕೆ ಟೈಮ್ ಬೇಕಾಗೋದು ಬೋರ್ಡ್‌ಗಳು. ಗೂಗಲ್ ಮ್ಯಾಪ್ಸ್ ಇದ್ಯಲ್ಲ ಅಂತ ಹೊರಟುಬಿಡ್ತೀವಿ, ಆದ್ರೆ ಎದುರಿಗೆ ಬರೋ ಕಾರು, ನಾನು ಯಾರಿಗೆ ನಿಲ್ಲಿಸ್ಬೇಕು ಯಾರು ನನಗೆ ನಿಲ್ಲಿಸ್ತಾರೆ, ಇದು ಯಾವುದನ್ನೂ ಮ್ಯಾಪ್ ಹೇಳಲ್ಲ.

ಬೋರ್ಡ್‌ಗಿಂತ ಮುಂಚೆ ಲೈಸೆನ್ಸ್ ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ತುಂಬ ಜನ ತಪ್ಪು ತಿಳ್ಕೊಂಡಿದ್ದಾರೆ. ಊರಿಂದ ಹೊರಡೋಕೆ ಮುಂಚೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಅದರ ಮೇಲೆ ಒಂದು ವರ್ಷ ಅಂತ ಬರೆದಿರತ್ತೆ, ಅದನ್ನ ನೋಡಿ ವರ್ಷ ಪೂರ್ತಿ ಓಡಿಸ್ಬಹುದು ಅಂದ್ಕೋಬೇಡಿ. ಜರ್ಮನಿಯಲ್ಲಿ ವಾಸ ಶುರು ಮಾಡಿದ ದಿನದಿಂದ 6 ತಿಂಗಳಷ್ಟೇ ನಮ್ಮ ಇಂಡಿಯನ್ ಲೈಸೆನ್ಸ್ ನಡೆಯತ್ತೆ. ಆಮೇಲೆ ಓಡಿಸಿದ್ರೆ ಲೈಸೆನ್ಸ್ ಇಲ್ಲದೇ ಓಡಿಸಿದ ಹಾಗೆ, ಅದು ಬರೀ ದಂಡ ಅಲ್ಲ, ಕ್ರಿಮಿನಲ್ ಕೇಸು. ಅಷ್ಟರೊಳಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಕೊಡ್ಬೇಕು. ಥಿಯರಿ ಇಂಗ್ಲಿಷಲ್ಲೂ ಬರೀಬಹುದು, 30 ಪ್ರಶ್ನೆ, 10 ತಪ್ಪು ಪಾಯಿಂಟ್ ತನಕ ಪಾಸು. ಆ ಥಿಯರಿ ಓದೋದನ್ನ ಶಿಕ್ಷೆ ಅಂದ್ಕೋಬೇಡಿ, ಈ ಕೆಳಗೆ ಬರೆದಿರೋದೆಲ್ಲ ನನಗೆ ಸರಿಯಾಗಿ ಅರ್ಥ ಆಗಿದ್ದು ಅದನ್ನ ಓದಿದಾಗಲೇ.

ಈಗ ಮುಖ್ಯ ವಿಷಯ. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಮೇನ್ ರೋಡು, ಕ್ರಾಸು ಅಂತ ಇರತ್ತೆ, ಅಗಲ ಇರೋ ರೋಡಲ್ಲಿ ಬರೋನು ನೇರ ಹೋಗ್ತಾನೆ, ಕ್ರಾಸಿಂದ ಬರೋನು ನೋಡ್ಕೊಂಡು ಬರ್ತಾನೆ, ಇದು ಯಾರೂ ಹೇಳಿಕೊಡದೆ ನಮ್ಮ ತಲೆಯಲ್ಲಿ ಕೂತಿದೆ. ಇಲ್ಲಿ ಅದು ನಡೆಯಲ್ಲ. ಜಂಕ್ಷನ್‌ನಲ್ಲಿ ಬೋರ್ಡೂ ಇಲ್ಲ ಸಿಗ್ನಲ್ಲೂ ಇಲ್ಲ ಅಂದ್ರೆ ನಿಮ್ಮ ಬಲಗಡೆಯಿಂದ ಬರೋನಿಗೆ ದಾರಿ, ಅವನ ರೋಡು ಎಷ್ಟೇ ಸಣ್ಣದಿರಲಿ, ಅವನು ಸೈಕಲ್ಲಲ್ಲೇ ಬರ್ತಿರಲಿ. ಇದಕ್ಕೆ ರೆಖ್ಟ್ಸ್ ಫೋರ್ ಲಿಂಕ್ಸ್ ಅಂತಾರೆ, ಎಡಕ್ಕಿಂತ ಬಲ ಮೊದಲು ಅಂತ ಅರ್ಥ. ನಾನು ಬಂದ ಹೊಸದ್ರಲ್ಲಿ ಮನೆ ಹತ್ರದ ಬೀದಿಯಲ್ಲೇ ನೇರ ಹೋಗ್ತಿದ್ದೆ, ಬಲಗಡೆ ಒಂದು ಗಲ್ಲಿಯಿಂದ ಒಂದು ಕಾರು ಸ್ವಲ್ಪನೂ ಸ್ಲೋ ಮಾಡದೆ ಬಂತು, ಇಬ್ಬರೂ ಜೋರಾಗಿ ಬ್ರೇಕ್ ಹಾಕಿದ್ವಿ, ಒಂದಡಿ ಅಂತರದಲ್ಲಿ ನಿಂತ್ವು. ಆ ಕಾರಿಂದ ಇಳಿದ ವಯಸ್ಸಾದ ಯಜಮಾನರು ಬೈಯಲಿಲ್ಲ, ಬಲಗಡೆ ಕೈ ತೋರಿಸಿ ಎರಡು ಸಲ ಆ ಮೂರು ಪದ ಹೇಳಿ ಹೋದ್ರು. ಅವರು ಸ್ಲೋ ಮಾಡದೇ ಬಂದಿದ್ದು ಅಹಂಕಾರದಿಂದ ಅಲ್ಲ, ನಾನು ನಿಲ್ಲಿಸ್ತೀನಿ ಅಂತ ಅವರಿಗೆ ಪೂರ್ತಿ ನಂಬಿಕೆ ಇತ್ತು. ಇಲ್ಲಿ ಎಲ್ಲರೂ ಆ ನಂಬಿಕೆ ಮೇಲೇ ಓಡಿಸೋದು. ಅದಕ್ಕೇ ಬೋರ್ಡ್ ಇಲ್ಲ ಅನ್ನೋದನ್ನೂ ಒಂದು ಬೋರ್ಡ್ ಅಂತಲೇ ಓದ್ಬೇಕು. 30ರ ಝೋನ್ (30 ಕಿಲೋಮೀಟರ್ ಸ್ಪೀಡ್ ಮಿತಿಯ ಬೀದಿಗಳು) ಅಂತ ಬೋರ್ಡ್ ಕಂಡ ತಕ್ಷಣ ಪ್ರತಿ ಗಲ್ಲಿಯಲ್ಲೂ ಬಲಗಡೆ ಕತ್ತು ತಿರುಗಿಸೋ ಅಭ್ಯಾಸ ಮಾಡ್ಕೊಳ್ಳಿ. ಇದಕ್ಕೆ ವಿನಾಯ್ತಿ ಇದೆ, ಬಲಗಡೆಯವನು ಮನೆ ಗೇಟಿಂದ, ಹೊಲದ ದಾರಿಯಿಂದ ಅಥವಾ ಮಕ್ಕಳು ಆಡೋ ಚಿತ್ರದ ನೀಲಿ ಬೋರ್ಡ್ ಇರೋ ಬೀದಿಯಿಂದ ಹೊರಗೆ ಬರ್ತಿದ್ರೆ ಅವನೇ ನಿಲ್ಲಿಸ್ಬೇಕು. ಅಂಥ ಬೀದಿ ಒಳಗೆ ನೀವು ಹೋದ್ರೆ ನಡೆಯೋ ವೇಗದಲ್ಲೇ ಹೋಗ್ಬೇಕು ಅನ್ನೋದೂ ನೆನಪಿರಲಿ.

ಇದರ ಉಲ್ಟಾ, ಬಿಳಿ ಅಂಚಿನ ಹಳದಿ ಡೈಮಂಡ್ ಬೋರ್ಡು. ಅಪ್ಪ ಇಲ್ಲಿಗೆ ಬಂದಿದ್ದಾಗ ಪಕ್ಕದ ಸೀಟಲ್ಲಿ ಕೂತು ದಾರಿ ಉದ್ದಕ್ಕೂ ಇದನ್ನ ನೋಡಿ, ಏನಪ್ಪಾ ಇದರಲ್ಲಿ ಏನೂ ಬರೆದೇ ಇಲ್ವಲ್ಲ ಅಂದಿದ್ರು. ಅದರ ಅರ್ಥ ನೀವು ಮುಖ್ಯ ರಸ್ತೆಯಲ್ಲಿದ್ದೀರ, ಆ ಡೈಮಂಡ್ ಮೇಲೆ ಅಡ್ಡಗೆರೆ ಬರೋ ತನಕ, ಇಲ್ಲಾ ದಾರಿ ಬಿಡಿ ಅನ್ನೋ ಬೋರ್ಡೋ ಸ್ಟಾಪ್ ಬೋರ್ಡೋ ಬರೋ ತನಕ ಮುಂದಿನ ಎಲ್ಲ ಜಂಕ್ಷನ್ನಲ್ಲೂ ದಾರಿ ನಿಮ್ಮದು. ತ್ರಿಕೋನದೊಳಗೆ ದಪ್ಪ ಬಾಣ ಇರೋ ಬೋರ್ಡ್ ಬಂದ್ರೆ ಆ ಒಂದು ಜಂಕ್ಷನ್‌ಗೆ ಮಾತ್ರ. ತುಂಬ ಜನ ಎಡವೋದು ಡೈಮಂಡ್ ಕೆಳಗೆ ಒಂದು ಚಿಕ್ಕ ಬಿಳಿ ಬೋರ್ಡಲ್ಲಿ ದಪ್ಪ ಗೆರೆ ಬಾಗಿರತ್ತಲ್ಲ, ಅಲ್ಲಿ. ಮುಖ್ಯ ರಸ್ತೆ ಎಡಕ್ಕೋ ಬಲಕ್ಕೋ ತಿರುಗತ್ತೆ ಅಂತ ಅದರ ಅರ್ಥ. ಆ ಬಾಗಿದ ಗೆರೆ ಹಿಡಿದು ಹೋದ್ರೆ ಇಂಡಿಕೇಟರ್ ಹಾಕ್ಬೇಕು, ನೇರ ಹೋದ್ರೆ ನೀವು ಮುಖ್ಯ ರಸ್ತೆ ಬಿಟ್ಟ ಹಾಗೆ, ಇಂಡಿಕೇಟರ್ ಬೇಡ. ಮ್ಯಾಪ್ ಆಂಟಿ ಅಲ್ಲಿ ನೇರ ಹೋಗಿ ಅಂತಷ್ಟೇ ಹೇಳ್ತಾಳೆ.

ಸ್ಪೀಡ್ ವಿಷಯಕ್ಕೆ ಬಂದ್ರೆ, ಊರಿನ ಹೆಸರು ಬರೆದಿರೋ ಹಳದಿ ಬೋರ್ಡ್ ಇದ್ಯಲ್ಲ, ಅದರಲ್ಲಿ ನಂಬರ್ ಇರಲ್ಲ ಆದ್ರೆ ಅದೇ 50ರ ಬೋರ್ಡು. ಅದನ್ನ ದಾಟಿದ ಕ್ಷಣದಿಂದ 50, ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ರೆ ಊರು ಮುಗೀತು, ಬೇರೆ ಬೋರ್ಡ್ ಇಲ್ಲದಿದ್ರೆ 100. ಹೆಚ್ಚಿನ ಸ್ಪೀಡ್ ಕ್ಯಾಮೆರಾ ಲೆಟರ್ ನಮ್ಮವರಿಗೆ ಬರೋದು ಇಲ್ಲೇ, ಹೈವೇಯಿಂದ ಹಳ್ಳಿ ಒಳಗೆ ಬಂದು ಸ್ಲೋ ಮಾಡೋದು ತಡ ಆಗಿರತ್ತೆ. ಊರೊಳಗೆ 16ರಿಂದ 20 ಕಿಲೋಮೀಟರ್ ಜಾಸ್ತಿ ಅಂದ್ರೆ 70 ಯೂರೋ, 21 ದಾಟಿದ್ರೆ 115 ಯೂರೋ ಜೊತೆಗೆ ನಿಮ್ಮ ಹೆಸರಿನ ದಾಖಲೆಯಲ್ಲಿ ಒಂದು ತಪ್ಪಿನ ಪಾಯಿಂಟು, 31 ದಾಟಿದ್ರೆ ಒಂದು ತಿಂಗಳು ಗಾಡಿ ಓಡಿಸೋ ಹಾಗಿಲ್ಲ. ಮತ್ತೆ ಸ್ಪೀಡ್ ಬೋರ್ಡ್ ಕೆಳಗಿರೋ ಚಿಕ್ಕ ಬಿಳಿ ಬೋರ್ಡ್ ಓದದೆ ದೊಡ್ಡದರ ಅರ್ಥ ಪೂರ್ತಿ ಆಗಲ್ಲ. ಬೈ ನೆಸ್ಸೆ ಅಂದ್ರೆ ರೋಡ್ ಒದ್ದೆ ಇದ್ದಾಗ ಮಾತ್ರ, 22ರಿಂದ 6 ಅಂದ್ರೆ ರಾತ್ರಿ ಮಾತ್ರ, ವೆರ್ಕ್‌ಟಾಗ್ಸ್ ಅಂದ್ರೆ ಕೆಲಸದ ದಿನಗಳು, ಇದರಲ್ಲಿ ಶನಿವಾರನೂ ಸೇರತ್ತೆ, ನಮ್ಮ ಆಫೀಸಿಗೆ ರಜ ಅಂತ ಬೋರ್ಡಿಗೆ ರಜ ಇಲ್ಲ.

ಸಿಗ್ನಲ್ ಪಕ್ಕ ಕಪ್ಪು ಬೋರ್ಡಲ್ಲಿ ಹಸಿರು ಬಾಣ ಅಂಟಿಸಿದ್ರೆ ಕೆಂಪು ಇದ್ದಾಗಲೂ ಬಲಕ್ಕೆ ತಿರುಗಬಹುದು, ಆದ್ರೆ ಮೊದಲು ಚಕ್ರ ಪೂರ್ತಿ ನಿಲ್ಲಿಸಿ, ನಡೆಯೋರು ಸೈಕಲ್‌ನವರು ಎಲ್ಲರೂ ಹೋದ ಮೇಲೆ. ಇದು 1978ರಲ್ಲಿ ಆಗಿನ ಪೂರ್ವ ಜರ್ಮನಿಯಲ್ಲಿ ಬಂದ ಪದ್ಧತಿ. ಪಾರ್ಕಿಂಗ್‌ನಲ್ಲಿ ನೀಲಿ ಗಡಿಯಾರದ ಚಿತ್ರ ಇದ್ರೆ ಡ್ಯಾಶ್‌ಬೋರ್ಡ್ ಮೇಲೆ ರಟ್ಟಿನ ಪಾರ್ಕಿಂಗ್ ಡಿಸ್ಕ್ ಇಡ್ಬೇಕು, ಬಂದ ಟೈಮಿಗೆ ಅಲ್ಲ ಮುಂದಿನ ಅರ್ಧಗಂಟೆಗೆ ಮುಳ್ಳು ತಿರುಗಿಸಿ, 10:10ಕ್ಕೆ ಬಂದ್ರೆ 10:30.

ಇನ್ನು ದಾರಿ ಹುಡುಕೋದು. ನಮ್ಮೂರಲ್ಲಿ ಅರಳೀಮರದ ಹತ್ರ ಲೆಫ್ಟ್, ದೇವಸ್ಥಾನ ದಾಟಿ ರೈಟ್ ಅಂತ ಹೇಳ್ತೀವಿ, ಇಲ್ಲಿ ಔಟೋಬಾನ್ ಅಂದ್ರೆ ಮೋಟರ್‌ವೇ ಮೇಲೆ ಎಲ್ಲ ಊರಿನ ಹೆಸರಲ್ಲೇ, ನಮ್ಮ ಬಸ್ ಬೋರ್ಡ್ ಓದೋ ಹಾಗೆ. ಎ 8 ಅನ್ನೋ ನಂಬರಿನ ಔಟೋಬಾನ್ ಹತ್ತಬೇಕು ಅಂತ ಗೊತ್ತಿದ್ರೆ ಸಾಲದು, ಸ್ಟುಟ್‌ಗಾರ್ಟ್ ಹತ್ರ ಹತ್ತಿದ್ರೆ ಮ್ಯೂನಿಕ್ ಕಡೆನಾ ಕಾರ್ಲ್ಸ್‌ರೂಹೆ ಕಡೆನಾ ಅಂತ ಗೊತ್ತಿರ್ಬೇಕು. ಮನೆ ಬಿಡೋ ಮುಂಚೆ ಮ್ಯಾಪಲ್ಲಿ ಒಂದು ಸಲ ದೂರದ ದೊಡ್ಡ ಊರಿನ ಹೆಸರು ನೋಡ್ಕೊಂಡು ಬಿಡಿ, ಅರ್ಧ ಗಾಬರಿ ಅಲ್ಲೇ ಕಮ್ಮಿ ಆಗತ್ತೆ. ನಂಬರಲ್ಲೂ ಒಂದು ಲೆಕ್ಕ ಇದೆ, ಬೆಸ ನಂಬರಿನ ದೊಡ್ಡ ಔಟೋಬಾನ್‌ಗಳು ಹೆಚ್ಚುಕಮ್ಮಿ ಉತ್ತರ ದಕ್ಷಿಣ, ಸಮ ನಂಬರಿನವು ಪೂರ್ವ ಪಶ್ಚಿಮ. ನೀಲಿ ಬೋರ್ಡು ಔಟೋಬಾನ್, ಹಳದಿ ಬೋರ್ಡು ಅದರ ಕೆಳಗಿನ ರಸ್ತೆಗಳು. ಆದ್ರೆ ರಜೆಗೆ ಅಂತ ಸ್ವಿಟ್ಜರ್‌ಲ್ಯಾಂಡ್ ಅಥವಾ ಇಟಲಿಗೆ ಹೋದ್ರೆ ಬಣ್ಣ ಬದಲಾಗತ್ತೆ, ಅಲ್ಲಿ ಮೋಟರ್‌ವೇ ಬೋರ್ಡು ಹಸಿರು, ನೀಲಿ ನೋಡ್ಕೊಂಡು ಹೋದ್ರೆ ಸಾಧಾರಣ ರೋಡಲ್ಲಿ ಸುತ್ತಾಡ್ತೀರ.

ಔಸ್‌ಫಾರ್ಟ್ ಅಂತ ಕಂಡಿದ್ದೆಲ್ಲ ಊರಿನ ಹೆಸರಲ್ಲ, ಎಕ್ಸಿಟ್ ಅಂತ. ಎಕ್ಸಿಟ್ ಹತ್ರ ಬರ್ತಿದ್ದ ಹಾಗೆ ಪಕ್ಕದಲ್ಲಿ ನೀಲಿ ಮೇಲೆ ಬಿಳಿ ಪಟ್ಟಿ ಇರೋ ಚಿಕ್ಕ ಬೋರ್ಡ್ ಬರತ್ತೆ, ಮೂರು ಪಟ್ಟಿ ಅಂದ್ರೆ 300 ಮೀಟರ್, ಎರಡು 200, ಒಂದು 100. ತಪ್ಪಿಹೋದ್ರೆ ಹೋಗ್ಲಿ, ಮುಂದಿನದ್ರಲ್ಲಿ ಇಳೀರಿ, ಕೊನೇ ಕ್ಷಣದಲ್ಲಿ ಅಡ್ಡ ಎಳೀಬೇಡಿ, ಎಡಗಡೆ ಲೇನಲ್ಲಿ ಹಿಂದಿನಿಂದ 180ರಲ್ಲಿ ಬರೋರು ಇರ್ತಾರೆ. ರೋಡ್ ಕೆಲಸ ನಡೀತಿರೋ ಕಡೆ ಮ್ಯಾಪನ್ನ ನಂಬ್ಲೇಬೇಡಿ, ನೆಲದ ಮೇಲೆ ಹಳದಿ ಗೆರೆ ಇದ್ರೆ ಬಿಳಿ ಗೆರೆ ಇಲ್ಲ ಅಂತಲೇ ಲೆಕ್ಕ. ಅಲ್ಲಿ ಎಡಗಡೆ ಲೇನಿಗೆ ಅಗಲದ ಮಿತಿ ಹಾಕಿರ್ತಾರೆ, 2,1 ಅಂತ ಬರೆದಿದ್ರೆ ಎರಡು ಪಾಯಿಂಟ್ ಒಂದು ಮೀಟರ್, ಕನ್ನಡಿ ಸೇರಿಸಿ. ಆರ್‌ಸಿ ಕಾಗದದಲ್ಲಿರೋ ಅಗಲ ಕನ್ನಡಿ ಬಿಟ್ಟು ಇರತ್ತೆ, ದೊಡ್ಡ ಎಸ್‌ಯುವಿ ಇದ್ರೆ ಸುಮ್ನೆ ಬಲಗಡೆ ಲೇನಲ್ಲೇ ಇರಿ. ಜಾಮ್ ಆಗಿ ಔಟೋಬಾನ್ ಬಿಟ್ಟು ಇಳಿಬೇಕಾದ್ರೆ ನೀಲಿ ಬೋರ್ಡಲ್ಲಿ ಯು ಅಕ್ಷರ ಮತ್ತೆ ಒಂದು ನಂಬರ್ ಇರತ್ತೆ, ಆ ಎಕ್ಸಿಟಲ್ಲಿ ಕಂಡ ನಂಬರನ್ನೇ ಹಿಡಿದು ಹೋಗ್ತಾ ಇದ್ರೆ ಅದೇ ನಿಮ್ಮನ್ನ ಮುಂದಿನ ಎಂಟ್ರಿಗೆ ತಂದು ಬಿಡತ್ತೆ. ಜಾಮ್ ಶುರು ಆದ್ರೆ ಆಂಬುಲೆನ್ಸ್ ಸದ್ದಿಗೆ ಕಾಯ್ಬೇಡಿ, ತೀರಾ ಎಡಗಡೆ ಲೇನಲ್ಲಿರೋರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಮಧ್ಯೆ ದಾರಿ ಬಿಡ್ಬೇಕು, ಬಿಡದಿದ್ರೆ 200 ಯೂರೋಯಿಂದ ಶುರು, ಎರಡು ಪಾಯಿಂಟು, ಒಂದು ತಿಂಗಳು ಬ್ಯಾನ್. ಅದಕ್ಕಿಂತ ಮುಖ್ಯ, ಆ ದಾರೀಲಿ ಹೋಗೋ ಆಂಬುಲೆನ್ಸ್ ಯಾರದೋ ಮನೆಯವರ ಹತ್ರ ಹೋಗ್ತಿರತ್ತೆ.

ಗಾಡಿ ಕೆಟ್ಟು ನಿಂತ್ರೆ ಎಲ್ಲರೂ ಬ್ಯಾರಿಯರ್ ದಾಟಿ ಆಚೆ ನಿಂತ್ಕೊಳ್ಳಿ, ಮಕ್ಕಳನ್ನ ಕಾರಲ್ಲಿ ಬಿಡ್ಬೇಡಿ. ಫೋನ್ ಚಾರ್ಜ್ ಇಲ್ಲದಿದ್ರೂ ಪಕ್ಕದಲ್ಲಿ 50 ಮೀಟರಿಗೊಂದರಂತೆ ಕಪ್ಪು ಬಿಳಿ ಕಂಬ ನೆಟ್ಟಿರ್ತಾರೆ, ಅದರ ತಲೆ ಮೇಲಿನ ಚಿಕ್ಕ ಬಾಣ ಹತ್ತಿರದ ಎಮರ್ಜೆನ್ಸಿ ಫೋನ್ ಯಾವ ಕಡೆ ಅಂತ ತೋರಿಸತ್ತೆ. ಫೋನ್ ಇದ್ದು ಎಮರ್ಜೆನ್ಸಿ ನಂಬರ್ 112ಕ್ಕೆ ಮಾಡಿದ್ರೆ ಎಲ್ಲಿದ್ದೀರ ಅಂತ ಕೇಳ್ತಾರೆ, ಅರ್ಧ ಕಿಲೋಮೀಟರಿಗೊಂದು ಚಿಕ್ಕ ನೀಲಿ ಬೋರ್ಡಲ್ಲಿ ನಂಬರ್ ಇರತ್ತೆ, ಜರ್ಮನ್ ಬರದಿದ್ರೂ ಪರವಾಗಿಲ್ಲ, ಎ 8, ಮ್ಯೂನಿಕ್ ಕಡೆಗೆ, ಕಿಲೋಮೀಟರ್ ಇಷ್ಟು, ಈ ಮೂರು ಹೇಳಿ ಲೈನಲ್ಲೇ ಇರಿ.